ಸ್ಟಾಕ್‌ಹೋಮ್‌: ಪ್ರವಾಸಿಗರ ದರ, ಊರವರ ದರ

ಸ್ಟಾಕ್‌ಹೋಮ್ ದುಬಾರಿ ನಗರವೆಂಬ ಮಾತು ಸುಳ್ಳಲ್ಲ. ಆದರೆ ಅಲ್ಲಿ ಹೆಚ್ಚುಕಡಿಮೆ ಎಲ್ಲ ಅನುಕೂಲಗಳಿಗೂ ಎರಡು ದರಗಳಿವೆ: ಪ್ರವಾಸಿಗರಿಗೆಂದೇ ರೂಪಿಸಿದ ಸೇವೆಯದು ಒಂದು, ಊರವರು ದಿನನಿತ್ಯ ಬಳಸುವ ಸೇವೆಯದು ಇನ್ನೊಂದು. ಮೊದಲ ಭೇಟಿಯಲ್ಲಿ ಸಾಧ್ಯವಾದಲ್ಲೆಲ್ಲ ಎರಡನ್ನೂ ಬಳಸಿ ನೋಡಿದೆ. ಹಣ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬ ಲೆಕ್ಕ ಇಲ್ಲಿದೆ.

ಅರ್ಲಾಂಡಾ ವಿಮಾನ ನಿಲ್ದಾಣ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ಅರ್ಲಾಂಡಾ ಎಕ್ಸ್‌ಪ್ರೆಸ್ ರೈಲು ಇಪ್ಪತ್ತು ನಿಮಿಷದೊಳಗೆ ಸೆಂಟ್ರಲ್ ನಿಲ್ದಾಣ ಮುಟ್ಟಿಸುತ್ತದೆ. ಅದಕ್ಕೆ ಮುನ್ನೂರಕ್ಕೂ ಹೆಚ್ಚು ಕ್ರೋನರ್ (ಸ್ವೀಡನ್ನಿನ ಹಣ) ತೆರಬೇಕು. ನಗರ ಸಾರಿಗೆ ಸಂಸ್ಥೆಯಾದ ಎಸ್‌ಎಲ್‌ನ ಲೋಕಲ್ ರೈಲು ಕೂಡ ವಿಮಾನ ನಿಲ್ದಾಣದ ಅಡಿಯಿಂದಲೇ ಹೊರಡುತ್ತದೆ. ಆದರೆ ಅಲ್ಲಿ ರೈಲು ಹತ್ತಿ ಇಳಿಯುವುದಕ್ಕೇ ಪ್ರತ್ಯೇಕ ಶುಲ್ಕವಿದ್ದು, ಅದು ಮಾಮೂಲು ಟಿಕೆಟ್‌ನ ಎರಡು ಪಟ್ಟಿಗೂ ಮಿಗಿಲು. ಈ ಶುಲ್ಕವನ್ನು ತಪ್ಪಿಸುವ ದಾರಿಯೂ ಇದೆ. ಟರ್ಮಿನಲ್ ಎದುರಿನಿಂದ 583ನೇ ನಂಬರಿನ ಬಸ್ಸು ಹತ್ತಿ ಮಾರ್ಸ್ಟಾದಲ್ಲಿ ಇಳಿದು ಲೋಕಲ್ ರೈಲು ಹಿಡಿದರೆ, ನಲವತ್ತರ ಆಸುಪಾಸಿನ ಒಂದೇ ಟಿಕೆಟ್‌ನಲ್ಲಿ ಊರು ಸೇರಬಹುದು. ಆ ಟಿಕೆಟ್‌ಗೆ 75 ನಿಮಿಷದ ಅವಧಿಯಿರುವುದರಿಂದ, ಕಾಯುವ ಹೊತ್ತು ಸೇರಿದರೂ ಪ್ರಯಾಣ ಸಾಮಾನ್ಯವಾಗಿ ಅದರೊಳಗೇ ಮುಗಿಯುತ್ತದೆ. ಬಂದದ್ದು ಈ ದಾರಿಯಲ್ಲಿ, ಹಿಂದಿರುಗಿದ್ದು ಎಕ್ಸ್‌ಪ್ರೆಸ್ಸಿನಲ್ಲಿ. ಬಸ್ಸಿನಲ್ಲಿ ಸೂಟ್‌ಕೇಸ್ ಉರುಳದಂತೆ ಕಾಲಿನಿಂದ ಒತ್ತಿ ಹಿಡಿದಿರಬೇಕು, ಮಾರ್ಸ್ಟಾದಲ್ಲಿ ಮತ್ತೆ ಎಳೆದೊಯ್ಯಬೇಕು, ಕೊನೆಗೆ ಭೂಮಿಯ ಆಳದಲ್ಲಿರುವ ಸ್ಟಾಕ್‌ಹೋಮ್ ಸಿಟಿ ನಿಲ್ದಾಣದಿಂದ ಉದ್ದನೆಯ ಎಸ್ಕಲೇಟರುಗಳಲ್ಲಿ ಮೇಲೇರಬೇಕು. ಒಂದೇ ಚೀಲದೊಂದಿಗೆ ಒಬ್ಬರೇ ಹೋಗುವವರಿಗೆ ಇದೇ ಸರಿ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಈ ಉಳಿತಾಯವನ್ನು ನಾನು ಯಾರಿಗೂ ಹೇಳಲಾರೆ.

ದೋಣಿಯ ವಿಷಯದಲ್ಲಿ ಇಂಥ ಅನುಮಾನವಿಲ್ಲ. ಸೇತುವೆಗಳ ಕೆಳಗೆ ಸುತ್ತಿಸುವ ಪ್ರವಾಸಿ ದೋಣಿಗಳ ದರ ನೂರಾರು ಕ್ರೋನರ್. ಕಿವಿಗೆ ಹೆಡ್‌ಫೋನ್ ಕೊಟ್ಟು ನಗರದ ಇತಿಹಾಸ ಹೇಳುತ್ತಾರೆ, ಆ ವಿವರಣೆ ಚೆನ್ನಾಗಿಯೂ ಇದೆ. ಸ್ಲುಸೆನ್‌ನಿಂದ ಯೂರ್‌ಗೋರ್ಡನ್ ದ್ವೀಪಕ್ಕೆ ಹೋಗುವ 82ನೇ ಮಾರ್ಗದ ಫೆರಿಗಾದರೋ ಬಸ್ಸಿನ ಟಿಕೆಟ್ಟೇ ಸಾಕು. ಪಯಣ ಹತ್ತು ನಿಮಿಷದ್ದಷ್ಟೇ, ವಿವರಿಸುವವರು ಯಾರೂ ಇಲ್ಲ. ಆದರೆ ಮೇಲಿನ ತೆರೆದ ಅಟ್ಟದ ಹಿಂಬದಿಯಲ್ಲಿ ನಿಂತರೆ ಹಳೇ ಊರಾದ ಗಾಮ್ಲಾ ಸ್ತಾನ್‌ನ ಕೇಸರಿ, ಹಳದಿ ಬಣ್ಣದ ಮನೆಗಳ ಸಾಲು ಮೆಲ್ಲನೆ ದೂರ ಸರಿಯುವುದೂ, ಮುಂದೆ ಗ್ರೋನಾ ಲುಂಡ್ ಪಾರ್ಕಿನ ಜಾರುಗಾಡಿಗಳು ನೀರಿನಂಚಿಗೇ ಬಂದು ತಿರುಗುವುದೂ ಕಾಣುತ್ತವೆ. ಇಪ್ಪತ್ನಾಲ್ಕು ಗಂಟೆಯ ಟಿಕೆಟ್ ನಾಲ್ಕು ಬಿಡಿ ಟಿಕೆಟ್‌ಗಳಿಗಿಂತ ಸ್ವಲ್ಪವೇ ಹೆಚ್ಚಾದ್ದರಿಂದ, ಅದನ್ನು ಕೊಂಡವರು ಈ ಫೆರಿಯಲ್ಲಿ ಮನಸ್ಸಿಗೆ ಬಂದಷ್ಟು ಸಲ ಓಡಾಡಬಹುದು. ಅದೇ ಟಿಕೆಟ್ ಮೆಟ್ರೊಗೂ ಸಲ್ಲುತ್ತದೆ. ಟಿ-ಸೆಂಟ್ರಾಲೆನ್ ಮೆಟ್ರೊ ನಿಲ್ದಾಣದಲ್ಲಿ ಚಿತ್ರಿಸಿದ ನೀಲಿ ಬಳ್ಳಿಗಳನ್ನೂ ಸೊಲ್ನಾ ಸೆಂಟ್ರುಮ್ ನಿಲ್ದಾಣದ ಕೆಂಪು ಗುಹೆಯನ್ನೂ ನೋಡುವುದಕ್ಕೆ ಮಾರ್ಗದರ್ಶಕರ ಅಗತ್ಯ ನನಗಂತೂ ಕಾಣಲಿಲ್ಲ.

ಇಡೀ ನಗರವನ್ನು ಮೇಲಿನಿಂದ ನೋಡಲು ಪುರಭವನದ ಗೋಪುರಕ್ಕೆ ಹಣ ಕೊಟ್ಟು ಹತ್ತಬಹುದು. ಸೋಡರ್‌ಮಾಲ್ಮ್‌ನ ಮೋಂಟೇಲಿಯುಸ್‌ವೇಗನ್ ಎಂಬ ಕಾಲುದಾರಿಯಿಂದ ಆ ಗೋಪುರವೂ ಸೇರಿದ ನೋಟ ಬಿಟ್ಟಿಯಾಗಿ ದೊರೆಯುತ್ತದೆ.

ವಾಸಾ ವಸ್ತುಸಂಗ್ರಹಾಲಯದಲ್ಲಿ ಮಾತ್ರ ಜಿಪುಣತನ ಬೇಡ. 1628ರಲ್ಲಿ ಮೊದಲ ಪಯಣದಲ್ಲೇ, ಇನ್ನೂ ಬಂದರು ದಾಟುವ ಮುನ್ನವೇ ಮುಳುಗಿ, 1961ರಲ್ಲಿ ಮೇಲೆತ್ತಲ್ಪಟ್ಟ ಯುದ್ಧನೌಕೆ ಅಲ್ಲಿದೆ. ಅಗಲ ಕಡಿಮೆ, ಮೇಲಿನ ಭಾರ ಹೆಚ್ಚು ಎಂಬ ಕಾರಣವನ್ನು ಓದಿ ತಿಳಿಯುವುದು ಬೇರೆ, ಮೂರು ನಾಲ್ಕು ಅಂತಸ್ತುಗಳಿಂದ ಸುತ್ತಿ ಆ ಹಿಂಭಾಗದ ಕೆತ್ತನೆಯ ಎತ್ತರವನ್ನು ಕಣ್ಣಾರೆ ನೋಡುವುದು ಬೇರೆ. ಹದಿನೆಂಟರೊಳಗಿನವರಿಗೆ ಪ್ರವೇಶ ಉಚಿತ. ಇದಕ್ಕೆ ಬದಲಿಯಾಗಿ ತೋರಿಸಬಹುದಾದದ್ದು ಆ ನಗರದಲ್ಲಿ ಇನ್ನೊಂದಿಲ್ಲ.

ಊಟದಲ್ಲಿ ವ್ಯತ್ಯಾಸ ದೊಡ್ಡದು. ವಾರದ ದಿನಗಳಲ್ಲಿ ಹನ್ನೊಂದರಿಂದ ಸುಮಾರು ಎರಡರವರೆಗೆ ಹೋಟೆಲುಗಳು ‘ದಾಗೆನ್ಸ್ ಲುಂಚ್’ ಎಂಬ ಊಟ ಕೊಡುತ್ತವೆ. ಮುಖ್ಯ ತಿನಿಸಿನ ಜೊತೆ ಸಲಾಡ್, ಬ್ರೆಡ್ಡು, ಕಾಫಿ ಅದರಲ್ಲೇ ಬರುತ್ತವೆ. ಸಸ್ಯಾಹಾರಿಗಳಿಗೂ ಬಹಳ ಕಡೆ ಒಂದು ಆಯ್ಕೆಯಿರುತ್ತದೆ. ರಾತ್ರಿ ಅದೇ ಹೋಟೆಲಿನಲ್ಲಿ ಒಂದು ತಟ್ಟೆಗೇ ಇದರ ಸುಮಾರು ಎರಡು ಪಟ್ಟು ಬಿಲ್ಲಾಗುತ್ತದೆ. ಹಾಗಾಗಿ ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ರಾತ್ರಿಗೆ ಹಾಸ್ಟೆಲಿನಲ್ಲಿ ಬೇಯಿಸಿಕೊಂಡೆ. ಅಂಗಡಿಗಳಲ್ಲಿ ಸಿಗುವ ಫಿಲ್‌ಮ್ಯೋಲ್ಕ್ ನಮ್ಮ ಮೊಸರಿಗಿಂತ ತೆಳು, ಹುಳಿ ಹದ. ಬಿಸಿ ಅನ್ನಕ್ಕೆ ಸುರಿದು ಉಪ್ಪು ಹಾಕಿ ಕಲಸಿದರೆ ಮೊಸರನ್ನಕ್ಕೆ ಕೊರತೆಯೆನ್ನುವುದು ಒಗ್ಗರಣೆಯದಷ್ಟೇ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳುವುದು ದಂಡ.

ಶನಿವಾರ, ಭಾನುವಾರ ಮಧ್ಯಾಹ್ನದ ಆ ಅಗ್ಗದ ಊಟ ಬಹಳ ಕಡೆ ಇರುವುದಿಲ್ಲವಾದ್ದರಿಂದ ಅಡುಗೆಮನೆಯಿರುವ ವಸತಿಯನ್ನೇ ಆರಿಸಿಕೊಳ್ಳಬೇಕು; ಕಾದಿರಿಸುವ ಮೊದಲು ಹಾಸಿಗೆಯ ದರದಲ್ಲಿ ಬೆಡ್‌ಶೀಟು, ಟವೆಲುಗಳ ಬಾಡಿಗೆ ಸೇರಿದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಹಲವು ಹಾಸ್ಟೆಲುಗಳು ಅದನ್ನು ಬೇರೆಯಾಗಿಯೇ ವಸೂಲು ಮಾಡುತ್ತವೆ.