ಹಳೆಯ ಈಕೋ ಕೊಳ್ಳುವ ಮುನ್ನ: ಬೆಳಗಾವಿಯಲ್ಲಿ ನೋಡಿದ ಒಂದು ಗಾಡಿಯ ಪರೀಕ್ಷೆ

ಏಳು ಸೀಟಿನ ಹಳೆಯ ಮಾರುತಿ ಸುಜುಕಿ ಈಕೋ ಕೊಳ್ಳುವವರು ಮೀಟರಿನ ಅಂಕಿಯನ್ನು ಕೊನೆಗೆ ನೋಡಿದರೂ ನಡೆದೀತು. ಗಾಡಿ ಈವರೆಗೆ ಯಾವ ಕೆಲಸಕ್ಕೆ ದುಡಿದಿದೆ ಎಂಬುದನ್ನು ಮಾತ್ರ ಮೊದಲು ತಿಳಿಯಬೇಕು. ಬೆಳಗಾವಿಯ ವ್ಯಾಪಾರಿಯೊಬ್ಬರ ಬಳಿಯಿದ್ದ 2018ರ ಪೆಟ್ರೋಲ್ ಈಕೋವನ್ನು ಪರಿಚಯದ ಮಿಸ್ತ್ರಿಯೊಂದಿಗೆ ಪರೀಕ್ಷಿಸಿದ ಮೇಲೆ ನನ್ನ ಈ ಅಭಿಪ್ರಾಯ ಗಟ್ಟಿಯಾಯಿತು.

ಮೀಟರ್ 48,000 ಕಿಲೋಮೀಟರ್ ತೋರಿಸುತ್ತಿತ್ತು. “ರೀಡಿಂಗ್ ಆಮ್ಯಾಲ ನೋಡೂಣ್ರಿ ಸರ, ಮೊದಲ ಪೆಡಲ್ ನೋಡ್ರಿ” ಎಂದರು ಮಿಸ್ತ್ರಿ. ಕ್ಲಚ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿತ್ತು. ಹಿಂದಿನ ಸೀಟಿನ ಬೋಲ್ಟುಗಳ ಮೇಲೆ ಪಾನಾ ಹಾಕಿದ ಗುರುತುಗಳಿದ್ದವು, ಮ್ಯಾಟ್ ಎತ್ತಿದಾಗ ತಗಡಿನಲ್ಲಿ ತಗ್ಗುಗಳು ಕಂಡವು. ಸೀಟು ತೆಗೆದು ಸರಕು ಸಾಗಿಸಿದ ಗಾಡಿಯನ್ನು ಕುಟುಂಬದ ಗಾಡಿಯೆಂದು ಮಾರಲಾಗುತ್ತಿತ್ತು ಎಂದು ನಂಬಲು ಇಷ್ಟು ಸಾಕಾಯಿತು.

ಈಕೋದ ಎಂಜಿನ್ ಮುಂದಿನ ಸೀಟುಗಳ ಕೆಳಗಿರುವುದರಿಂದ ಸೀಟು ಎತ್ತಿಸಿಯೇ ನೋಡಬೇಕು, ಮತ್ತು ನಾವು ಹೋಗುವ ಮುನ್ನ ಗಾಡಿ ಚಾಲು ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿರಬೇಕು, ಏಕೆಂದರೆ ತಣ್ಣಗಿದ್ದಾಗ ಹೊರಡುವ ಹೊಗೆ ಮತ್ತು ಸದ್ದು ಬಿಸಿಯಾದ ಮೇಲೆ ಮರೆಯಾಗಬಹುದು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಲಕ್ಷಣ. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆಯಾದರೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಒಳಗೆ ಸೋರುತ್ತಿರುವ ಸಂಶಯ ಪಡಬೇಕು. ಈ ಗಾಡಿಯ 1.2 ಲೀಟರ್ ಎಂಜಿನ್ ಎರಡೂ ಪರೀಕ್ಷೆಗಳಲ್ಲಿ ನಿರ್ಮಲವಾಗಿತ್ತು. ಆದರೆ ಈಕೋ ಹಿಂದಿನ ಚಕ್ರಗಳಿಗೆ ಬಲ ಕೊಡುವ ಗಾಡಿ: ರಿವರ್ಸಿನಿಂದ ಮೊದಲ ಗೇರಿಗೆ ಬದಲಿಸಿದಾಗ ಕೆಳಗಿನಿಂದ ‘ಖಟ್’ ಎಂದಿತು. ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡದ, ಅಂದರೆ ಪ್ರೊಪೆಲ್ಲರ್ ಶಾಫ್ಟಿನ, ಕ್ರಾಸ್ (ಕೀಲು) ಸವೆದಿದೆ ಎಂಬುದು ಮಿಸ್ತ್ರಿಯ ನಿರ್ಣಯ. ವಂಟಮುರಿ ಘಾಟಿನ ಏರಿನಲ್ಲಿ ಕ್ಲಚ್ ಜಾರಲಿಲ್ಲ ಎಂಬುದು ಸಮಾಧಾನದ ಸಂಗತಿ.

ನಮ್ಮ ಕಡೆಯ ಗಾಡಿಗಳಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಕೆಳಭಾಗದಲ್ಲಿ. ಖಾನಾಪುರದ ಮಳೆಯಲ್ಲಿ ಓಡಿದ್ದಾಗಲಿ, ಅಥಣಿಯ ಎರಿಮಣ್ಣಿನ ಹೊಲದ ದಾರಿ ಹಿಡಿದದ್ದಾಗಲಿ, ಸಂದಿಗಳಲ್ಲಿ ಕುಳಿತ ಕೆಸರು ತೇವ ಹಿಡಿದು ಒಳಗಿನಿಂದ ತುಕ್ಕು ಎಬ್ಬಿಸುತ್ತದೆ. ಸರಿಯುವ ಬಾಗಿಲಿನ ಕೆಳಹಳಿ ಮತ್ತು ರೋಲರ್‌ಗಳನ್ನು ಬಾಗಿಲು ಪೂರ್ತಿ ತೆರೆದು ಪರೀಕ್ಷಿಸಬೇಕು. ಹೊಸದಾಗಿ ಬಳಿದ ಕಪ್ಪು ಬಣ್ಣವನ್ನು ಕಂಡು ನೆಮ್ಮದಿಪಡಬಾರದು. ಅದರಡಿ ಏನಿದೆ ಎಂದು ಬೆರಳಿನಿಂದ ತಟ್ಟಿ ನೋಡಬೇಕು. ಟಾಯರಿನ ವಯಸ್ಸನ್ನೂ ನೋಡಬೇಕು: ಬದಿಯಲ್ಲಿ ‘2318’ ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು.

ಸುರಕ್ಷತೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಏರ್‌ಬ್ಯಾಗ್ ಇಲ್ಲದ ಈಕೋಗೆ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ 2016ರ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಶೂನ್ಯ ನಕ್ಷತ್ರ ಸಿಕ್ಕಿತ್ತು. ನಾವು ನೋಡಿದ ಗಾಡಿಯಲ್ಲಿಯೂ ಏರ್‌ಬ್ಯಾಗ್ ಇರಲಿಲ್ಲ. ಊರೊಳಗೆ, ಹೊಲಕ್ಕೆ, ಸಂತೆಗೆ ಇದು ಯೋಗ್ಯ. ಮಕ್ಕಳನ್ನು ತುಂಬಿಕೊಂಡು ರಾತ್ರಿ ಪುಣೆ ಹೆದ್ದಾರಿಗೆ ಇಳಿಯಲು ನಾನು ಯಾರಿಗೂ ಹೇಳುವುದಿಲ್ಲ.

ಕಾಗದಪತ್ರಗಳಲ್ಲಿ ಸಾಲದ ನಮೂದು ಇನ್ನೂ ಉಳಿದಿತ್ತು. ಅದು ಅಳಿಯಲು ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರ್ಮ್ 35 ಬೇಕು, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಕೊಲ್ಹಾಪುರದ ಎಂಎಚ್-09 ಗಾಡಿ ಅಗ್ಗವೆಂದು ತರುವವರು ಅಲ್ಲಿನ ಆರ್‌ಟಿಒ ಎನ್‌ಒಸಿಯ ಜೊತೆಗೆ ಕರ್ನಾಟಕದ ತೆರಿಗೆಯನ್ನೂ ಲೆಕ್ಕ ಹಿಡಿಯಬೇಕು.

ಶಾಫ್ಟಿನ ಕ್ರಾಸ್ ಮತ್ತು ಟಾಯರ್‌ಗಳ ಖರ್ಚು ಕಳೆದು ದರ ಹೇಳಿದ್ದೇವೆ. ಫಾರ್ಮ್ 35 ಕೈಗೆ ಬರುವವರೆಗೆ ಮುಂಗಡ ಕೊಡುವುದಿಲ್ಲವೆಂದು ವ್ಯಾಪಾರಿಗೆ ತಿಳಿಸಿದ್ದೇವೆ.