ಹೊಸ ಟರ್ಬೊ ಹಾಕಿಸುವ ಮೊದಲು ಆಯಿಲ್ ಪೈಪು ನೋಡಿ

25 ದಿನದಲ್ಲಿ ನನ್ನ ಗಾಡಿಯ ಎರಡು ಟರ್ಬೊ (ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಭಾಗ) ಹೋದವು. ಬಳ್ಳಾರಿ ಕಡೆ ಡೀಸೆಲ್ ಗಾಡಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ನನ್ನದು ಪಿಕಪ್. ಸಂಡೂರು, ತೋರಣಗಲ್ಲು ಕಡೆ ಬಾಡಿಗೆ ಹೊಡೆಯುತ್ತೇನೆ. ಮೊದಲು ಸೀಟಿ ಊದಿದಂಥ ಸದ್ದು ಬಂತು. ಆಮೇಲೆ ಏರಿನಲ್ಲಿ ಎಳೆತ ಇಲ್ಲ, ಹಿಂದೆ ನೀಲಿ ಹೊಗೆ. ಗ್ಯಾರೇಜಿನವರು ಹಳೇ ಟರ್ಬೊ ಬಿಚ್ಚಿ ಹೊಸದು ಕೂರಿಸಿದರು. ಯಾಕೆ ಹೋಯಿತು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. 25ನೇ ದಿನ ಮತ್ತೆ ಅದೇ ಸೀಟಿ, ಅದೇ ಹೊಗೆ.

ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪನ್ನು ಕತ್ತರಿಸಿ ತೋರಿಸಿದರು. ಒಳಗೆಲ್ಲಾ ರೊಟ್ಟಿ ಹಂಚಿನ ತಳದ ಹಾಗೆ ಕರಿ ಗಟ್ಟಿಯಾಗಿತ್ತು. ಸೂಜಿ ತೂರುವಷ್ಟೂ ಜಾಗ ಇರಲಿಲ್ಲ. ಟರ್ಬೊ ರೆಕ್ಕೆಗಳು ಕೂತಿರುವ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಬೇರಿಂಗಿನಲ್ಲಿ ಅದನ್ನು ಕಾಯುವುದು ತೆಳ್ಳಗಿನ ಆಯಿಲ್ ಪದರ. ಆಯಿಲ್ ಬರದಿದ್ದರೆ ಹೊಸದಾದರೇನು, ಹಳೇದಾದರೇನು? ಆ ಪೈಪು ಬದಲಿಸದೆ ಹೊಸ ಟರ್ಬೊ ಕೂರಿಸಿದ್ದೇ ತಪ್ಪು.

ಕರಿ ಕಟ್ಟಲು ಕಾರಣ ನಾನೇ. ಆಯಿಲ್ ಬದಲಿಸುವುದನ್ನು ಮುಂದಕ್ಕೆ ಹಾಕುತ್ತಿದ್ದೆ. ಲೋಡ್ ಎಳೆದುಕೊಂಡು ಬಂದು ತೂಕದ ಕಾಟಾ ಹತ್ತಿರ ತಕ್ಷಣ ಕೀ ತಿರುಗಿಸಿ ಆಫ್ ಮಾಡುತ್ತಿದ್ದೆ. ಆಗ ಆಯಿಲ್ ಹರಿಯುವುದು ನಿಲ್ಲುತ್ತದೆ, ಕಾದ ಟರ್ಬೊ ಒಳಗೆ ಉಳಿದ ಆಯಿಲ್ ಸುಟ್ಟು ಅಂಟಿಕೊಳ್ಳುತ್ತದೆ. ಈಗ ಒಂದೆರಡು ನಿಮಿಷ ಸುಮ್ನೆ ಐಡಲಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡುತ್ತೇನೆ.

ನಮ್ಮ ಕಡೆ ಅದಿರಿನ ಕೆಂಪು ಧೂಳು ಬೇರೆ ಇದೆ ಅಲ್ವಾ. ಏರ್ ಫಿಲ್ಟರ್ ಹರಿದಿದ್ದರೆ, ಇಲ್ಲವೇ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸಿನ ಕ್ಲಿಪ್ ಸಡಿಲವಾಗಿದ್ದರೆ ಆ ಧೂಳು ನೇರವಾಗಿ ರೆಕ್ಕೆಗೆ ಬಡಿಯುತ್ತದೆ. ಹಾಗಾಗಿ ಹಳೇ ಟರ್ಬೊವನ್ನು ಕೈಗೆ ತೆಗೆದುಕೊಂಡು ನೋಡಿ. ಗಾಳಿ ಎಳೆಯುವ ಕಡೆಯ ರೆಕ್ಕೆಗಳ ಅಂಚು ಸವೆದಿದ್ದರೆ ಧೂಳು. ರೆಕ್ಕೆ ಚಕ್ಕೆ ಚಕ್ಕೆಯಾಗಿ ಮುರಿದಿದ್ದರೆ ನಟ್ಟೋ ಬೋಲ್ಟೋ ಒಳಗೆ ಹೋಗಿದೆ. ಶಾಫ್ಟ್ ಸುಟ್ಟು ನೀಲಿಗಟ್ಟಿದ್ದರೆ ಆಯಿಲ್ ಸಿಕ್ಕಿಲ್ಲ. ನನ್ನದು ಎರಡೂ ಸಲ ನೀಲಿಯೇ.

ಹೊಸ ಟರ್ಬೊ ಹಾಕಿಸುವಾಗ ಆಯಿಲ್ ಪೈಪು, ಆಯಿಲ್, ಆಯಿಲ್ ಫಿಲ್ಟರ್ ಹೊಸದೇ ಆಗಲಿ. ಆಯಿಲ್ ವಾಪಸ್ ಹೋಗುವ ಪೈಪೂ ಕಟ್ಟಿಲ್ಲ ಅಂತ ನೋಡಿಸಿ. ಇಂಟರ್‌ಕೂಲರಿನಲ್ಲಿ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ನಿಂತ ಹಳೇ ಆಯಿಲ್ ಬಸಿಯಲೇಬೇಕು. ಇಲ್ಲದಿದ್ದರೆ ಎಂಜಿನ್ ಅದನ್ನೇ ಡೀಸೆಲ್ ಥರ ಕುಡಿದು ಕೀ ತೆಗೆದರೂ ನಿಲ್ಲದೆ ಓಡಬಹುದು. ಸ್ಟಾರ್ಟ್ ಮಾಡುವ ಮೊದಲು ಹೊಸ ಟರ್ಬೊ ಒಳಗೆ ಸ್ವಲ್ಪ ಆಯಿಲ್ ಹುಯ್ಯಲು ಹೇಳಿ. ಬಿಲ್ಲಿನಲ್ಲಿ ಆಯಿಲ್ ಪೈಪಿನ ಹೆಸರು ಇಲ್ಲದಿದ್ದರೆ ಗಾಡಿ ಗ್ಯಾರೇಜಿನಿಂದ ಹೊರಗೆ ತರಬೇಡಿ.