ಸ್ಕೂಬಾ ಸಿಲಿಂಡರಿಗೆ ಬೂಟ್: ಸ್ಟೀಲ್‌ಗೆ 4/5, ಅಲ್ಯೂಮಿನಿಯಂಗೆ 2/5 (ತುಮಕೂರು, ಆರು ವರ್ಷದ ಬಳಕೆ)

ಬೂಟ್ ಎಂದರೆ ನೀರಿನಾಳಕ್ಕೆ ಇಳಿಯುವಾಗ ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರಿನ ತಳಕ್ಕೆ ತೊಡಿಸುವ ರಬ್ಬರ್ ಕವಚ. ಹಾಕಿರುವುದು ಎರಡು 12 ಲೀಟರಿನ ಸ್ಟೀಲ್ ಸಿಲಿಂಡರಿಗೆ, ಎರಡು ಅಲ್ಯೂಮಿನಿಯಂ 80ಕ್ಕೆ (ಸುಮಾರು 80 ಘನ ಅಡಿ ಗಾಳಿ ಹಿಡಿಯುವ ಸಿಲಿಂಡರ್). ಸೀಸನ್ನಿನಲ್ಲಿ ಮುರುಡೇಶ್ವರದ ನೇತ್ರಾಣಿ ದ್ವೀಪದ ಉಪ್ಪುನೀರು, ಉಳಿದ ತಿಂಗಳು ತುಮಕೂರು ಸುತ್ತಿನ ಕಲ್ಲುಕಟ್ಟಡದ ತೆರೆದ ಬಾವಿಗಳು.

ಸ್ಟೀಲ್ ಸಿಲಿಂಡರಿನ ತಳ ಕೊಡದ ಹಾಗೆ ಗುಂಡಗೆ. ಸಿಂಬೆ ಇಲ್ಲದೆ ಕೊಡ ನಿಲ್ಲುವುದಿಲ್ಲ, ಬೂಟ್ ಇಲ್ಲದೆ ಇದೂ ನಿಲ್ಲುವುದಿಲ್ಲ. ಹಾಗಾಗಿ ಅಲ್ಲಿ ಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ. ಅಲ್ಯೂಮಿನಿಯಂ 80ರ ತಳ ಮಟ್ಟಸ, ತಾನೇ ನಿಲ್ಲುತ್ತದೆ. ಅದಕ್ಕೆ ಬೂಟ್ ಹಾಕಿದರೆ ಸಿಗುವ ಲಾಭ ಇಷ್ಟೇ: ಮನೆಯ ಟೈಲ್ಸ್ ಒಡೆಯುವುದಿಲ್ಲ, ಬಾವಿ ಮೆಟ್ಟಿಲಿನ ಕಲ್ಲಿಗೆ ತಗುಲಿದಾಗ ತಳದ ಅಂಚು ಜಜ್ಜುವುದಿಲ್ಲ, ಷಟ್ಕೋನದ ಬೂಟಾದರೆ ಮಲಗಿಸಿದಾಗ ಉರುಳುವುದಿಲ್ಲ. ಖಾಲಿಯಿದ್ದಾಗಲೇ 14 ಕೆಜಿ ತೂಗುವ ಸಿಲಿಂಡರ್ ಬೂಟ್ ಇದ್ದರೂ ಬೀಳುತ್ತದೆ. ಬಿದ್ದಾಗ ಪೆಟ್ಟು ತಿನ್ನುವುದು ವಾಲ್ವ್, ತಳವಲ್ಲ. ‘ಬೂಟ್ ಇದೆಯಲ್ಲ’ ಎಂದು ನಿಲ್ಲಿಸಿ ಆ ಕಡೆ ತಿರುಗುವವರೇ ಜಾಸ್ತಿ.

ತೊಂದರೆ ಇರುವುದು ಬೂಟಿನ ಒಳಗೆ. ರಬ್ಬರಿಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಸಮುದ್ರದ ನೀರು ಒಳಗೆ ಹೋಗುತ್ತದೆ, ಸುಲಭಕ್ಕೆ ಆರುವುದಿಲ್ಲ. ಸಂದಿಯ ಒಳಗೆ ಆಮ್ಲಜನಕ ಕಡಿಮೆ, ಹೊರಗೆ ಜಾಸ್ತಿ. ಈ ವ್ಯತ್ಯಾಸ ಒಂದೇ ಸಾಕು, ತುಕ್ಕು ಒಳಗಿನಿಂದ ತಿನ್ನಲು ಶುರುಮಾಡುತ್ತದೆ. ಸ್ಟೀಲ್ ಆದರೆ ಬೂಟಿನ ತೂತಿನಿಂದ ಕಂದು ನೀರು ಇಳಿದು ಸುಳಿವು ಕೊಡುತ್ತದೆ. ಅಲ್ಯೂಮಿನಿಯಂ ಸದ್ದಿಲ್ಲದೆ ಗುಳಿ ಬೀಳುತ್ತದೆ: ಉಪ್ಪಿನ ಕ್ಲೋರೈಡ್ ಮೇಲಿನ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಒಡೆದು, ಬಿಳಿ ಪುಡಿ ಮಾತ್ರ ಬಿಟ್ಟಿರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ತಲೆನೋವು. ತುಮಕೂರು, ಕೋಲಾರದ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಅದೂ ಬಿಳಿ ಕಲೆ ಬಿಡುತ್ತದೆ, ಬಿಸಿನೀರಿನ ಹಂಡೆಯಲ್ಲಿ ಕಟ್ಟುವ ಸುಣ್ಣದ ಹಾಗೆ. ಯಾವುದು ಸುಣ್ಣ, ಯಾವುದು ಸವೆತ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಕಲೆಯ ಮೇಲೆ ಒಂದು ಹನಿ ನಿಂಬೆರಸ ಬಿಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ. ಗುಳ್ಳೆ ಏಳದೆ, ಪ್ಲಾಸ್ಟಿಕ್ ಸ್ಕ್ರಬ್ಬರಿನಲ್ಲಿ ಉಜ್ಜಿದ ಮೇಲೆ ಉಗುರಿಗೆ ಹಳ್ಳ ಸಿಕ್ಕರೆ ಅದು ಸವೆತ. ಮುಂದಿನ ಬಾರಿ ಗಾಳಿ ತುಂಬಿಸುವ ಮೊದಲು ತಪಾಸಣೆಗೆ ಕೊಡಿ. ನಿಂಬೆರಸವನ್ನು ತಕ್ಷಣ ತೊಳೆಯಿರಿ. ಕೊನೆಯ ತೊಳೆತಕ್ಕೆ ಶುದ್ಧ ನೀರಿನ ಘಟಕದಿಂದ ತಂದ ಒಂದು 20 ಲೀಟರ್ ಕ್ಯಾನ್ ನಾಲ್ಕು ಸಿಲಿಂಡರಿನ ತಳಕ್ಕೆ ಧಾರಾಳ.

ಬೂಟ್ ಬಿಚ್ಚದೆ ಪೈಪ್ ಹಿಡಿದರೆ ತೊಳೆದಂತಲ್ಲ. ಪ್ರತಿ ಸಮುದ್ರ ಪ್ರವಾಸದ ನಂತರ ಬಿಚ್ಚಲೇಬೇಕು. ಬಕೆಟ್ಟಿನ ಬಿಸಿನೀರಿನಲ್ಲಿ (ಕೈ ತಡೆಯುವಷ್ಟು ಬಿಸಿ) ಬೂಟ್ ಇರುವ ಭಾಗವನ್ನು ಹತ್ತು ನಿಮಿಷ ಮುಳುಗಿಸಿಡಿ. ಅಂಚಿಗೆ ಪಾತ್ರೆ ಸೋಪಿನ ನೀರು ಬಿಡಿ. ಸಿಲಿಂಡರ್ ಮಲಗಿಸಿ, ರಬ್ಬರ್ ಸುತ್ತಿಗೆಯಲ್ಲಿ ಅಂಚನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ತಟ್ಟುತ್ತ ಬನ್ನಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅದು ಎಳೆಯುವ ಗೀರೇ ಮುಂದಿನ ತುಕ್ಕಿನ ಬೀಜ. ಬ್ಲೋಟಾರ್ಚ್ ಅಂತೂ ಬೇಡವೇ ಬೇಡ.

ತಿರುಗಿ ಹಾಕುವಾಗ ಬೇರೆಯದೇ ಪೇಚು. ತೂತಿಲ್ಲದ ಬೂಟಾದರೆ ಒಳಗೆ ಗಾಳಿ ಸಿಕ್ಕಿಕೊಂಡು, ಅರ್ಧಕ್ಕೆ ಒತ್ತಿದ್ದು ಸ್ಪ್ರಿಂಗ್ ಹಾಗೆ ಮೇಲೆ ಬರುತ್ತದೆ. ಒಳಬದಿಗೆ ಒಂದು ತೆಳು ನೈಲಾನ್ ದಾರ ಇಳಿಬಿಟ್ಟು ಒತ್ತಿ. ದಾರದ ಪಕ್ಕದಿಂದ ಗಾಳಿ ಪುಸ್ಸೆಂದು ಹೋಗುತ್ತದೆ, ತಳ ಕೂತ ಮೇಲೆ ದಾರ ಎಳೆದುಕೊಳ್ಳಿ. ತೂತು ಬೇಕೆಂದರೆ ಬೂಟ್ ಕೈಯಲ್ಲಿರುವಾಗಲೇ 8 ಮಿಮೀ ಡ್ರಿಲ್ಲಿನಲ್ಲಿ ತಳಕ್ಕೆ ನಾಲ್ಕು ಕೊರೆಯಿರಿ, ಸಿಲಿಂಡರಿನ ಮೇಲಿಟ್ಟು ಮಾತ್ರ ಬೇಡ. ಒಳಗೋಡೆಯಲ್ಲಿ ಉದ್ದುದ್ದ ಏಣುಗಳಿರುವ ಬೂಟ್ ಸಿಕ್ಕರೆ ಅದನ್ನೇ ಕೊಳ್ಳಿ, ನೀರು ನಿಲ್ಲುವುದು ಅರ್ಧಕ್ಕರ್ಧ ತಪ್ಪುತ್ತದೆ.

ತಳದ ಬಣ್ಣ ಹೋಯಿತೆಂದು ವಸಂತನರಸಾಪುರದ ಕಡೆಯೋ ಪೀಣ್ಯದ ಕಡೆಯೋ ಪೌಡರ್ ಕೋಟಿಂಗ್‌ಗೆ ಕೊಡುವ ಯೋಚನೆ ಬರುತ್ತದೆ. ಅಲ್ಯೂಮಿನಿಯಂ ಸಿಲಿಂಡರನ್ನು ಕೊಡಲೇಬೇಡಿ. ಆ ಒಲೆಗಳ ಬಿಸಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್. 177 ಡಿಗ್ರಿ ದಾಟಿದ ಅಲ್ಯೂಮಿನಿಯಂ ಸಿಲಿಂಡರನ್ನು ಬಳಕೆಯಿಂದ ತೆಗೆದುಹಾಕಬೇಕೆಂಬುದು ನಿಯಮ, ಏಕೆಂದರೆ ಶಾಖದಿಂದ ಗಟ್ಟಿಮಾಡಿದ ಲೋಹದ ಬಲ ಅಲ್ಲಿಗೆ ಇಳಿಯುತ್ತದೆ. ಹೊರಗೆ ಹೊಸದರಂತೆ ಮಿರಮಿರ, ಒಳಗೆ 200 ಬಾರ್ ಒತ್ತಡ ತಡೆಯುವ ಭರವಸೆ ಇಲ್ಲ.

ಬೂಟಿನ ಬಾಳಿಕೆ ಬಗ್ಗೆ: ಟೆರೇಸಿನ ಬಿಸಿಲಿಗೆ ಬಿಟ್ಟ ಕಪ್ಪು ರಬ್ಬರ್ ಮೂರನೇ ಬೇಸಿಗೆಗೆ ಬಿರುಕು ಬಿಟ್ಟಿತು, ನೆರಳಲ್ಲಿಟ್ಟದ್ದು ಇನ್ನೂ ಮೆತ್ತಗಿದೆ. ಗ್ರಾನೈಟ್ ನೆಲಕ್ಕೆ ಕಪ್ಪು ಗೆರೆ ಬೀಳುವುದು ಎರಡರಲ್ಲೂ ಇದೆ.

ಈಗಿನ ಏರ್ಪಾಡು ಹೀಗೆ. ಸ್ಟೀಲ್‌ಗೆ ಬೂಟ್ ಖಾಯಂ, ಉಪ್ಪುನೀರಿನಿಂದ ಬಂದ ದಿನವೇ ಬಿಚ್ಚಿ ತೊಳೆಯುವುದು. ಅಲ್ಯೂಮಿನಿಯಂಗೆ ಬಾವಿಗೆ ಇಳಿಸುವ ದಿನ ಮಾತ್ರ; ನೇತ್ರಾಣಿಗೆ ಹೋಗುವಾಗ ಬರಿ ತಳ, ಶಿವಮೊಗ್ಗ, ಸಾಗರ ದಾಟಿ ಘಾಟಿ ಇಳಿಯುವ ದಾರಿಯಲ್ಲಿ ಕಾರಿನಲ್ಲಿ ಅಡ್ಡ ಮಲಗಿಸಿ ಪಟ್ಟಿ ಬಿಗಿಯುವುದು. ತಪಾಸಣೆಗೆ ಕೊಡುವಾಗ ಎಲ್ಲದರ ಬೂಟೂ ಮನೆಯಲ್ಲೇ.

ಕೊಳ್ಳುವಾಗ ಅಳತೆ ನೋಡಿ. ಅಲ್ಯೂಮಿನಿಯಂ 80ರ ವ್ಯಾಸ 184 ಮಿಮೀ; 12 ಲೀಟರ್ ಸ್ಟೀಲ್‌ನಲ್ಲಿ ಉದ್ದನೆಯದು 171, ಗಿಡ್ಡನೆಯದು ಸುಮಾರು 203. ಗುಂಡು ತಳದ ಬೂಟಿನ ಒಳಗೆ ಬಟ್ಟಲಿನಂಥ ತಗ್ಗು ಇರುತ್ತದೆ, ಮಟ್ಟಸ ತಳ ಅದರಲ್ಲಿ ಕೂರುವುದಿಲ್ಲ. ಬಿಚ್ಚಿಟ್ಟ ಬೂಟುಗಳು ಅದಲುಬದಲಾಗುತ್ತವೆ, ಒಳಗೋಡೆಗೆ ಬಿಳಿ ಪೇಂಟ್ ಮಾರ್ಕರಿನಲ್ಲಿ ವ್ಯಾಸ ಬರೆದಿಡಿ.